ಜಿಟಿಎ 5ರಲ್ಲಿ ತಿರುವು ಹಾಕುವುದು: ಯಾವ ಬ್ರೇಕ್, ಯಾವ ಕಾರು, ಯಾವ ಕಂಟ್ರೋಲ್ ಆರಿಸಬೇಕು?

ನೇರ ರಸ್ತೆಯಲ್ಲಿ ಎಲ್ಲರ ಕಾರೂ ಜೋರಾಗಿಯೇ ಓಡುತ್ತದೆ. ಕೈ ಹೇಗಿದೆ ಅಂತ ಗೊತ್ತಾಗುವುದು ತಿರುವು ಬಂದಾಗ. ಜಿಟಿಎ 5 (ಗ್ರ್ಯಾಂಡ್ ಥೆಫ್ಟ್ ಆಟೊ 5 ಅನ್ನುವ ವೀಡಿಯೊ ಗೇಮ್) ಹೊಸದಾಗಿ ಶುರು ಮಾಡಿದವರು ನನ್ನ ಹತ್ತಿರ ಜಾಸ್ತಿ ಕೇಳುವ ಪ್ರಶ್ನೆ ಒಂದೇ: "ಯಾವ ಕಾರು ತಗೊಂಡರೆ ತಿರುವಿನಲ್ಲಿ ಜಾರಲ್ಲ?" ಒಳ್ಳೆಯ ಪ್ರಶ್ನೆಯೇ, ಆದರೆ ಅದು ಎರಡನೆಯದು. ಮೊದಲು ಕೇಳಬೇಕಾದ್ದು, ತಿರುವು ಇನ್ನೂ ಸ್ವಲ್ಪ ದೂರ ಇದ್ದಾಗ ನಿಮ್ಮ ಬೆರಳು ಯಾವ ಬಟನ್ ಮೇಲಿತ್ತು ಅಂತ. ತಿರುವಿನೊಳಗೆ ಎಷ್ಟು ವೇಗದಲ್ಲಿ ಹೊಕ್ಕಿರಿ ಅನ್ನುವುದರಲ್ಲೇ ಮುಕ್ಕಾಲು ಕೆಲಸ ಮುಗಿದಿರುತ್ತದೆ. ವೇಗ ಜಾಸ್ತಿಯಾಗಿದ್ದರೆ ಆಮೇಲೆ ಕಂಟ್ರೋಲರ್‌ನ ಸ್ಟಿಕ್ ಎಷ್ಟು ತಿರುಗಿಸಿದರೂ ಕಾರು ಮಾತು ಕೇಳುವುದಿಲ್ಲ.

ಅದಕ್ಕೇ ಇಲ್ಲಿ ಕಾರಿಗಿಂತ ಮೊದಲು ಬ್ರೇಕ್ ಬಗ್ಗೆ ಬರೆಯುತ್ತಿದ್ದೇನೆ. ಹೇಳುವುದೆಲ್ಲ ಮುಖ್ಯವಾಗಿ ಜಿಟಿಎ 5ಕ್ಕೆ. 2013ರಲ್ಲಿ ಬಂದ ಆಟವಾದರೂ ಇದರ ರಸ್ತೆಗಳಲ್ಲಿ ಓಡಾಡುವುದು ನನಗೆ ಇವತ್ತಿಗೂ ಬೇಸರ ಬಂದಿಲ್ಲ. ಹೋಲಿಕೆಗೆ ಬೇಕಾದ ಕಡೆ ಫೋರ್ಜಾ ಹೊರೈಜನ್ 5 ಅನ್ನುವ ಕಾರ್ ರೇಸ್ ಆಟವನ್ನೂ ತರುತ್ತೇನೆ.

ಮಾಮೂಲಿ ಬ್ರೇಕೋ, ಹ್ಯಾಂಡ್‌ಬ್ರೇಕೋ?

ಪಿಸಿಯಲ್ಲಿ ಎಸ್ ಕೀ ಮಾಮೂಲಿ ಬ್ರೇಕ್, ಸ್ಪೇಸ್‌ಬಾರ್ ಹ್ಯಾಂಡ್‌ಬ್ರೇಕ್. ಕಂಟ್ರೋಲರ್‌ನಲ್ಲಿ ಎಡ ಟ್ರಿಗರ್ ಬ್ರೇಕ್, ಬಲ ಬಂಪರ್ ಹ್ಯಾಂಡ್‌ಬ್ರೇಕ್. ಹೊಸಬರು ಎಲ್ಲಾ ತಿರುವಿಗೂ ಹ್ಯಾಂಡ್‌ಬ್ರೇಕ್ ಒತ್ತುತ್ತಾರೆ. ಯಾಕೆಂದರೆ ಒತ್ತಿದ ಕೂಡಲೇ ಕಾರಿನ ಹಿಂಭಾಗ ಬೀಸಿಕೊಂಡು ಬರುತ್ತದೆ, ಕಾರು ತಿರುಗಿತು ಅನ್ನಿಸುತ್ತದೆ. ಮೂತಿ ತಿರುಗಿದ್ದು ನಿಜ. ಆದರೆ ಕಾರು ಓಡುತ್ತಿರುವ ದಿಕ್ಕು ಹಳೆಯದೇ. ಮೂತಿ ಬಲಕ್ಕೆ, ಓಟ ನೇರಕ್ಕೆ, ಹಾಗೇ ಅಡ್ಡಡ್ಡ ಜಾರಿಕೊಂಡು ಹೋಗಿ ಎದುರಿಗೆ ಏನಿದೆಯೋ ಅದಕ್ಕೆ ಬಡಿಯುತ್ತದೆ. ಬೀದಿ ದೀಪದ ಕಂಬವಾದರೆ ಮುರಿದು ಬಿದ್ದು ದಾರಿ ಬಿಡುತ್ತದೆ. ದಪ್ಪ ಮರ ಬಿಡುವುದಿಲ್ಲ.

ಇದು ಯಾಕೆ ಹೀಗೆ ಅಂತ ತಿಳಿದರೆ ಆಯ್ಕೆ ಸುಲಭವಾಗುತ್ತದೆ. ಟೈರಿನ ಹಿಡಿತ ಒಂದು ಕೊಡದಲ್ಲಿರುವ ನೀರಿನ ಹಾಗೆ. ಬ್ರೇಕ್ ಹಾಕಲು ಅದರಿಂದಲೇ ತೆಗೆಯಬೇಕು, ತಿರುಗಲೂ ಅದರಿಂದಲೇ, ವೇಗ ಹೆಚ್ಚಿಸಲೂ ಅದರಿಂದಲೇ. ಪೂರ್ತಿ ಬ್ರೇಕ್ ಒತ್ತಿಕೊಂಡೇ ಪೂರ್ತಿ ತಿರುಗಿಸಲು ಹೋದರೆ ಎರಡಕ್ಕೂ ಸಾಲುವುದಿಲ್ಲ, ಕಾರು ನೇರವಾಗಿ ಹೋಗುತ್ತದೆ. ಇದಕ್ಕೆ ಅಂಡರ್‌ಸ್ಟೀರ್ ಅನ್ನುತ್ತಾರೆ. ಹ್ಯಾಂಡ್‌ಬ್ರೇಕ್ ಇನ್ನೊಂದು ತರಹ. ಅದು ಹಿಂದಿನ ಎರಡು ಚಕ್ರಗಳನ್ನು ಮಾತ್ರ ಲಾಕ್ ಮಾಡುತ್ತದೆ, ಅಂದರೆ ಹಿಂದಿನ ಕೊಡವನ್ನು ಒಂದೇ ಸಲ ಚೆಲ್ಲಿಬಿಡುತ್ತದೆ. ಮುಂದಿನ ಚಕ್ರಗಳಿಗೆ ಹಿಡಿತ ಇದೆ, ಹಿಂದಿನವಕ್ಕೆ ಇಲ್ಲ. ಅದಕ್ಕೇ ಕಾರು ಗಿರ್ರನೆ ತಿರುಗುವುದು.

ಆಟದ ಒಳಗೂ ಈ ಲೆಕ್ಕ ಇದೆ. ಪ್ರತಿ ವಾಹನದ ಗುಣ ಬರೆದಿಟ್ಟ ಹ್ಯಾಂಡ್ಲಿಂಗ್ ಫೈಲ್‌ನಲ್ಲಿ ಟೈರಿನ ಹಿಡಿತಕ್ಕೆ ಎರಡು ಸಂಖ್ಯೆ ಇರುತ್ತವೆ. ಒಂದು, ಟೈರು ಚೆನ್ನಾಗಿ ಕಚ್ಚಿಕೊಂಡಿರುವಾಗಿನ ಗರಿಷ್ಠ ಹಿಡಿತ. ಇನ್ನೊಂದು, ಜಾರಲು ಶುರುವಾದ ಮೇಲೆ ಉಳಿಯುವ ಹಿಡಿತ. ಎರಡನೆಯದು ಸಾಮಾನ್ಯವಾಗಿ ಕಡಿಮೆ. ಅಂದರೆ ಒಮ್ಮೆ ಜಾರಿದರೆ ನಿಲ್ಲಿಸುವ ಶಕ್ತಿಯೂ ಕಡಿಮೆಯಾಯಿತು, ತಿರುಗಿಸುವ ಶಕ್ತಿಯೂ ಕಡಿಮೆಯಾಯಿತು. ಜಾರುತ್ತಿರುವಾಗ ಇನ್ನೂ ಜೋರಾಗಿ ತಿರುಗಿಸುವುದು ದಂಡ. ಆಗ ಮಾಡಬೇಕಾದ್ದು ಉಲ್ಟಾ: ಬ್ರೇಕ್ ಬಿಡಿ, ಸ್ಟಿಕ್ ಸ್ವಲ್ಪ ಸಡಿಲ ಮಾಡಿ, ಟೈರು ಮತ್ತೆ ಕಚ್ಚಿಕೊಳ್ಳಲು ಅರೆ ಕ್ಷಣ ಕೊಡಿ.

ಹಾಗಾದರೆ ಯಾವುದನ್ನು ಆರಿಸಬೇಕು? ನನ್ನ ಪ್ರಕಾರ ಹತ್ತು ತಿರುವಿನಲ್ಲಿ ಎಂಟಕ್ಕೆ ಮಾಮೂಲಿ ಬ್ರೇಕ್ ಸಾಕು, ಅದೂ ಕಾರು ಇನ್ನೂ ನೇರವಾಗಿರುವಾಗಲೇ. ಬ್ರೇಕ್ ಒತ್ತಿ, ವೇಗ ಇಳಿಸಿ, ಬಿಟ್ಟು, ಆಮೇಲೆ ತಿರುಗಿಸಿ. ಸ್ವಲ್ಪ ಕೈ ಕುದುರಿದ ಮೇಲೆ ಬ್ರೇಕನ್ನು ಒಮ್ಮೆಲೇ ಬಿಡದೆ, ತಿರುಗಿಸುತ್ತಾ ತಿರುಗಿಸುತ್ತಾ ನಿಧಾನವಾಗಿ ಬಿಡುವುದನ್ನು ಕಲಿಯಿರಿ. ಇದೇ ಟ್ರೇಲ್ ಬ್ರೇಕಿಂಗ್. ಕಾರಿನ ಭಾರ ಮುಂದಕ್ಕೆ ಬಿದ್ದಿರುವುದರಿಂದ ಮುಂದಿನ ಟೈರು ಚೆನ್ನಾಗಿ ಹಿಡಿಯುತ್ತದೆ, ಮೂತಿ ತಾನಾಗಿ ಒಳಗೆ ಬರುತ್ತದೆ.

ಹ್ಯಾಂಡ್‌ಬ್ರೇಕ್ ಉಳಿದ ಎರಡಕ್ಕೆ. ಊರೊಳಗಿನ ಕಿರಿದಾದ ಗಲ್ಲಿಗೆ ಸರಕ್ಕನೆ ನುಗ್ಗಬೇಕು, ಪೊಲೀಸರು ಹಿಂದೆ ಬಿದ್ದಿದ್ದಾರೆ, ಅಥವಾ ಬೆಟ್ಟದ ಮೇಲೆ ಪೂರ್ತಿ ಹಿಂದಕ್ಕೆ ತಿರುಗುವ ಹೇರ್‌ಪಿನ್ ಬಂದಿದೆ, ಅಂಥ ಕಡೆ. ಅಲ್ಲೂ ಮೊದಲು ಮಾಮೂಲಿ ಬ್ರೇಕಿನಿಂದ ವೇಗ ಇಳಿಸಲೇಬೇಕು. ಆಮೇಲೆ ಸ್ಟಿಕ್ ತಿರುಗಿಸಿ, ಹ್ಯಾಂಡ್‌ಬ್ರೇಕನ್ನು ಒಂದೇ ಒಂದು ಸಲ ಮುಟ್ಟಿ ಬಿಟ್ಟು, ಕಾರಿನ ಹಿಂಭಾಗ ಬರುತ್ತಿದ್ದ ಹಾಗೇ ಸ್ಟಿಕ್ಕನ್ನು ಎದುರು ದಿಕ್ಕಿಗೆ ತಂದು ಆಕ್ಸಿಲರೇಟರ್ ಕೊಡಬೇಕು. ಒತ್ತಿ ಹಿಡಿದುಕೊಂಡರೆ ಕಾರು ಸುತ್ತಿ ನಿಂತುಬಿಡುತ್ತದೆ.

ಮೂರನೆಯ ಆಯ್ಕೆ ಒಂದಿದೆ, ಅದನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಏನೂ ಒತ್ತದೆ ಇರುವುದು. ಗ್ರೇಟ್ ಓಷನ್ ಹೈವೇಯಲ್ಲಿ ಬರುವ ಉದ್ದನೆಯ, ಮೆಲ್ಲಗೆ ಬಾಗುವ ತಿರುವುಗಳಿಗೆ ಬ್ರೇಕ್ ಬೇಕಿಲ್ಲ. ಆಕ್ಸಿಲರೇಟರ್‌ನಿಂದ ಬೆರಳು ಎತ್ತಿದರೆ ಸಾಕು, ಕಾರು ರಸ್ತೆಯ ಬಾಗಿಗೆ ಹೊಂದಿಕೊಳ್ಳುತ್ತದೆ.

ಯಾವ ಚಕ್ರಕ್ಕೆ ಶಕ್ತಿ ಹೋಗುವ ಕಾರು?

ಈಗ ಕಾರಿನ ಮಾತು. ಸೂಪರ್, ಸ್ಪೋರ್ಟ್ಸ್, ಮಸಲ್ ಅಂತ ಆಟ ವಿಭಾಗ ಮಾಡಿದ್ದರೂ ತಿರುವಿನ ಮಟ್ಟಿಗೆ ಮೊದಲು ನೋಡಬೇಕಾದ್ದು ಎಂಜಿನ್ ಶಕ್ತಿ ಮುಂದಿನ ಚಕ್ರಕ್ಕೆ ಹೋಗುತ್ತದಾ, ಹಿಂದಿನದಕ್ಕಾ, ನಾಲ್ಕಕ್ಕೂನಾ ಅನ್ನುವುದನ್ನು. ಅದೇ ಹ್ಯಾಂಡ್ಲಿಂಗ್ ಫೈಲ್‌ನಲ್ಲಿ ಇದಕ್ಕೂ ಒಂದು ಸಂಖ್ಯೆ ಇದೆ. ಸೊನ್ನೆ ಇದ್ದರೆ ಪೂರ್ತಿ ಹಿಂದಿನ ಚಕ್ರ, 1 ಇದ್ದರೆ ಪೂರ್ತಿ ಮುಂದಿನದು, ನಡುವೆ ಇದ್ದರೆ ನಾಲ್ಕಕ್ಕೂ ಹಂಚಿಕೆ.

ಹಿಂದಿನ ಚಕ್ರದ ಕಾರುಗಳು, ಉದಾಹರಣೆಗೆ ಬಾನ್ಶೀ, ಡಾಮಿನೇಟರ್, ಗಾಂಟ್ಲೆಟ್, ಓಡಿಸಲು ತುಂಬಾ ಮಜಾ. ಆದರೆ ತಿರುವಿನಿಂದ ಹೊರಗೆ ಬರುವಾಗ ಸ್ವಲ್ಪ ಆತುರಪಟ್ಟು ಪೂರ್ತಿ ಆಕ್ಸಿಲರೇಟರ್ ಕೊಟ್ಟಿರೋ, ಹಿಂದಿನ ಟೈರು ತಿರುಗಲೂ ಬೇಕು, ತಳ್ಳಲೂ ಬೇಕು, ಎರಡೂ ಆಗದೆ ಹಿಂಭಾಗ ಕಿತ್ತುಕೊಂಡು ಹೋಗುತ್ತದೆ. ಅದೇ ಓವರ್‌ಸ್ಟೀರ್. ಮಸಲ್ ಕಾರುಗಳಲ್ಲಂತೂ ಶಕ್ತಿ ಜಾಸ್ತಿ, ಆದ್ದರಿಂದ ಇದು ಬೇಗ ಆಗುತ್ತದೆ. ಬೆರಳಿನ ಒತ್ತಡವನ್ನು ಹದವಾಗಿ ಕೊಡಲು ಬರುವವರಿಗೆ ಈ ಕಾರುಗಳು. ಫ್ಯೂಟೋ ಬೇರೆ ಲೆಕ್ಕ. ಅದೂ ಹಿಂದಿನ ಚಕ್ರದ್ದೇ, ಆದರೆ ಚಿಕ್ಕದು, ಶಕ್ತಿ ಕಡಿಮೆ. ಜಾರಿದರೂ ಏನಾಗುತ್ತಿದೆ ಅಂತ ನೋಡಿ ಸರಿಮಾಡಿಕೊಳ್ಳಲು ಸಮಯ ಸಿಗುತ್ತದೆ. ಜಾರಿಸುವುದನ್ನು ಕಲಿಯುವ ಆಸೆ ಇದ್ದರೆ ಫ್ಯೂಟೋದಲ್ಲೇ ಕಲಿಯಿರಿ.

ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಕಾರುಗಳಲ್ಲಿ ಎಲೆಜಿ ಆರ್‌ಎಚ್8, ಸುಲ್ತಾನ್, ಕುರುಮಾ ಇವೆ. ತಿರುವಿನ ನಡುವೆಯೇ ಆಕ್ಸಿಲರೇಟರ್ ಕೊಟ್ಟರೂ ಕಾರು ಒದ್ದಾಡುವುದಿಲ್ಲ, ನೆಲ ಹಿಡಿದುಕೊಂಡು ಹೊರಗೆ ಎಳೆಯುತ್ತದೆ. ಮಳೆ ಬಂದಾಗ ಇದರ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಒದ್ದೆ ರಸ್ತೆಯಲ್ಲಿ ಹಿಡಿತ ಕಮ್ಮಿ, ಜಿಟಿಎ ಆನ್‌ಲೈನ್‌ನಲ್ಲಿ (ಬೇರೆಯವರ ಜೊತೆ ಇಂಟರ್ನೆಟ್‌ನಲ್ಲಿ ಆಡುವ ಭಾಗ) ಕ್ರಿಸ್‌ಮಸ್ ಹೊತ್ತಿಗೆ ಹಿಮ ಬಿದ್ದಾಗ ಇನ್ನೂ ಕಮ್ಮಿ. ಆಗ ಬಾನ್ಶೀ ಓಡಿಸುವವರು ಒದ್ದಾಡುತ್ತಿರುತ್ತಾರೆ, ಸುಲ್ತಾನ್ ಓಡಿಸುವವರು ಸುಮ್ನೆ ಹೋಗುತ್ತಿರುತ್ತಾರೆ. ಇದರ ಒಂದು ದೋಷ ಎಂದರೆ, ಒಳಗೆ ಹೊಗುವಾಗ ವೇಗ ಜಾಸ್ತಿಯಾದರೆ ಇವು ಮೂತಿ ತಿರುಗಿಸದೆ ಅಗಲವಾಗಿ ಹೋಗುತ್ತವೆ. ಬ್ರೇಕ್ ಮೊದಲೇ ಹಾಕಿದರೆ ಅದೂ ತೊಂದರೆಯಲ್ಲ.

ಮುಂದಿನ ಚಕ್ರದ ಬ್ಲಿಸ್ಟಾದಂಥ ಚಿಕ್ಕ ಕಾರುಗಳು ಸುರಕ್ಷಿತ, ನಿಧಾನ. ಅಷ್ಟೇ.

ನೀವು ಒಂದೇ ಒಂದು ಕಾರು ಇಟ್ಟುಕೊಂಡು ತಿರುವು ಕಲಿಯಬೇಕಿದ್ದರೆ ನಾನು ಹೇಳುವುದು ಎಲೆಜಿ ಆರ್‌ಎಚ್8. ಸೋಷಿಯಲ್ ಕ್ಲಬ್ (ಆಟ ಮಾಡಿದ ರಾಕ್‌ಸ್ಟಾರ್ ಕಂಪನಿಯ ಆನ್‌ಲೈನ್ ಸೇವೆ) ಖಾತೆ ಜೋಡಿಸಿದ ಆನ್‌ಲೈನ್ ಆಟಗಾರರಿಗೆ ಉಚಿತವಾಗಿ ಕೊಟ್ಟ ಕಾರು ಅಂತ ಅದನ್ನು ಬಹಳ ಜನ ಕಡೆಗಣಿಸುತ್ತಾರೆ. ಅದರ ಬದಲು ದುಡ್ಡು ಕೂಡಿಸಿ ಆಡರ್ ತರುತ್ತಾರೆ. ಆಡರ್ ನೇರ ರಸ್ತೆಗೆ ಮಾಡಿದ ಕಾರು. ಉದ್ದನೆಯ ಹೈವೇಯಲ್ಲಿ ಬಿಟ್ಟರೆ ಅದರ ಚಂದವೇ ಬೇರೆ, ಆದರೆ ವೈನ್‌ವುಡ್ ಹಿಲ್ಸ್‌ನ ಸುತ್ತುಬಳಸು ರಸ್ತೆಯಲ್ಲಿ ಅದರ ಭಾರ ನಿಮ್ಮ ಕೈಯನ್ನು ಎಳೆಯುತ್ತದೆ. ಬೆಟ್ಟದ ಮೇಲೆ ಚೆನ್ನಾಗಿ ಓಡಿಸುವ ಎಲೆಜಿಯ ಮುಂದೆ, ಸುಮಾರಾಗಿ ಓಡಿಸುವ ಆಡರ್ ಹಿಂದೆ ಬೀಳುತ್ತದೆ. ನಾನು ಎರಡೂ ಓಡಿಸಿ ಹೇಳುತ್ತಿದ್ದೇನೆ.

ಮಣ್ಣಿನ ರಸ್ತೆಗೆ ಬೇರೆ ಮಾತು. ಡಾಂಬರಿನ ಮೇಲೆ ಕಚ್ಚಿಕೊಳ್ಳುವ ಸ್ಪೋರ್ಟ್ಸ್ ಕಾರು ಗ್ರ್ಯಾಂಡ್ ಸೆನೋರಾ ಮರುಭೂಮಿಯ ಮರಳಿಗೆ ಇಳಿದ ಕೂಡಲೇ ತೇಲಿಕೊಂಡು ಹೋಗುತ್ತದೆ. ನೆಲ ಬದಲಾದಾಗ ಎಷ್ಟು ಹಿಡಿತ ಕಳೆದುಕೊಳ್ಳಬೇಕು ಅನ್ನುವುದನ್ನು ಆಟ ಪ್ರತಿ ವಾಹನಕ್ಕೂ ಬೇರೆ ಬೇರೆ ಇಟ್ಟಿದೆ, ಆಫ್-ರೋಡ್ ವಾಹನಗಳು ಕಡಿಮೆ ಕಳೆದುಕೊಳ್ಳುತ್ತವೆ. ಮಿಷನ್ ಅರ್ಧ ರಸ್ತೆ, ಅರ್ಧ ಮಣ್ಣು ಅಂತಿದ್ದರೆ ಆಫ್-ರೋಡ್ ವಾಹನವನ್ನೇ ತಗೊಳ್ಳಿ, ರಸ್ತೆಯಲ್ಲಿ ನಿಧಾನವಾದರೂ ಪರವಾಗಿಲ್ಲ.

ಬೈಕ್ ಆರಿಸುವವರಿಗೆ ಒಂದೇ ಮಾತು. ಬಾಟಿ 801 ತಿರುವಿನಲ್ಲಿ ಎಷ್ಟೋ ಕಾರುಗಳಿಗಿಂತ ಚುರುಕು, ಸಂದಿಯಲ್ಲೂ ನುಗ್ಗುತ್ತದೆ. ಆದರೆ ಕಾರಿನಲ್ಲಿ ಬರೀ ಗೀರು ಬೀಳುವ ತಪ್ಪಿಗೆ ಬೈಕಿನಲ್ಲಿ ಮನುಷ್ಯನೇ ಎಗರಿ ಬೀಳುತ್ತಾನೆ. ಕಾರಿನಲ್ಲಿ ಬ್ರೇಕ್ ಕಲಿತ ಮೇಲೆ ಬೈಕಿಗೆ ಬನ್ನಿ.

ಕೀಬೋರ್ಡಾ, ಕಂಟ್ರೋಲರಾ, ವೀಲಾ?

ಕೀಬೋರ್ಡ್‌ನಲ್ಲಿ ಎಡಕ್ಕೆ ಬಲಕ್ಕೆ ತಿರುಗಿಸುವ ಎ ಮತ್ತು ಡಿ ಕೀಗಳಿಗೆ ಎರಡೇ ಸ್ಥಿತಿ: ಒತ್ತಿದೆ, ಒತ್ತಿಲ್ಲ. ಅರ್ಧ ತಿರುಗಿಸು ಅಂತ ಹೇಳಲು ದಾರಿ ಇಲ್ಲ. ಕಂಟ್ರೋಲರ್‌ನಲ್ಲಿ ಸ್ಟಿಕ್ ಎಷ್ಟು ಬಾಗಿಸಿದರೆ ಅಷ್ಟೇ ತಿರುಗುತ್ತದೆ, ಟ್ರಿಗರ್ ಎಷ್ಟು ಒತ್ತಿದರೆ ಅಷ್ಟೇ ಬ್ರೇಕು. ಮೇಲೆ ಹೇಳಿದ ಟ್ರೇಲ್ ಬ್ರೇಕಿಂಗ್, ಹದವಾಗಿ ಆಕ್ಸಿಲರೇಟರ್ ಕೊಡುವುದು, ಇವೆಲ್ಲ ಇರುವುದೇ ಈ ಅರ್ಧ, ಕಾಲು, ಮುಕ್ಕಾಲು ಒತ್ತುವುದರಲ್ಲಿ. ಆದ್ದರಿಂದ ಓಡಿಸಲು ಕಂಟ್ರೋಲರ್ ಅಂತ ಅನುಮಾನವಿಲ್ಲದೆ ಹೇಳುತ್ತೇನೆ. ಗುರಿ ಇಟ್ಟು ಗುಂಡು ಹೊಡೆಯಲು ಮೌಸ್ ಚೆನ್ನ ಅನ್ನುವುದೂ ನಿಜವೇ. ಪಿಸಿಯಲ್ಲಿ ಎರಡನ್ನೂ ಜೋಡಿಸಿಟ್ಟುಕೊಂಡು, ಕಾರಿನಲ್ಲಿ ಕೂತಾಗ ಕಂಟ್ರೋಲರ್, ಇಳಿದಾಗ ಕೀಬೋರ್ಡ್ ಮೌಸ್ ಅಂತ ಆಡಬಹುದು, ಆಟ ತಕರಾರು ಮಾಡದೆ ಬದಲಾಯಿಸಿಕೊಳ್ಳುತ್ತದೆ.

ಕೀಬೋರ್ಡೇ ಇರುವುದು ಅನ್ನುವವರು ಬೇಸರ ಮಾಡಿಕೊಳ್ಳಬೇಡಿ. ಕೀಯನ್ನು ಒತ್ತಿ ಹಿಡಿಯದೆ ಟಕ್ ಟಕ್ ಅಂತ ಸಣ್ಣ ಸಣ್ಣದಾಗಿ ತಟ್ಟಿ. ಉದ್ದ ತಿರುವಿನಲ್ಲಿ ಎ ಕೀಯನ್ನು ಹೀಗೆ ತಟ್ಟುತ್ತಾ ಹೋದರೆ ಚಕ್ರ ಅರ್ಧ ತಿರುಗಿದ ಹಾಗೇ ಕೆಲಸ ಮಾಡುತ್ತದೆ. ಆಕ್ಸಿಲರೇಟರ್ ಆಗಿರುವ ಡಬ್ಲ್ಯೂ ಕೀಗೂ ಅದೇ. ತಿರುವಿನಿಂದ ಹೊರಗೆ ಬರುವಾಗ ಎರಡು ಮೂರು ಸಲ ತಟ್ಟಿ, ಕಾರು ನೇರವಾದ ಮೇಲೆ ಪೂರ್ತಿ ಒತ್ತಿ. ಕೀಬೋರ್ಡ್‌ನವರು ಹಿಂದಿನ ಚಕ್ರದ ಕಾರಿಗಿಂತ ನಾಲ್ಕು ಚಕ್ರದ್ದನ್ನು ಆರಿಸಲು ಇದೂ ಒಂದು ಕಾರಣ.

ಸ್ಟೀರಿಂಗ್ ವೀಲ್ ಜಿಟಿಎ 5ಕ್ಕೆ ಹೊಂದುವುದಿಲ್ಲ, ಪಿಸಿಯಲ್ಲಿ ಮಾಡ್ (ಆಟಗಾರರೇ ಬರೆದ ಹೆಚ್ಚುವರಿ ಸಾಫ್ಟ್‌ವೇರ್) ಹಾಕಿಕೊಂಡೇ ಓಡಿಸಬೇಕು. ವೀಲ್ ಈಗಾಗಲೇ ಇದ್ದರೆ ಫೋರ್ಜಾ ಹೊರೈಜನ್ 5ಕ್ಕೆ ಜೋಡಿಸಿ. ಆ ಆಟದಲ್ಲಿ ಕಂಟ್ರೋಲರ್‌ಗೂ ಒಳ್ಳೆಯ ಸೌಲಭ್ಯ ಇದೆ. ಸ್ಟಿಕ್‌ನ ಡೆಡ್‌ಜೋನ್ (ಸ್ವಲ್ಪ ಅಲುಗಾಡಿದರೂ ಆಟ ಲೆಕ್ಕಕ್ಕೆ ತಗೊಳ್ಳದ ನಡುವಿನ ಜಾಗ), ತಿರುವಿನ ಸೂಕ್ಷ್ಮತೆ, ಟ್ರಿಗರ್ ಎಷ್ಟು ಒತ್ತಿದ ಮೇಲೆ ಕೆಲಸ ಶುರುವಾಗಬೇಕು, ಎಲ್ಲವನ್ನೂ ಬದಲಾಯಿಸಬಹುದು.

ಕ್ಯಾಮೆರಾ

ಹೊರಗಿನ ಕ್ಯಾಮೆರಾಗಳಲ್ಲಿ ದೂರದ್ದನ್ನೇ ಇಟ್ಟುಕೊಳ್ಳಿ. ಕಾರಿನ ಹಿಂಭಾಗ ಜಾರುತ್ತಿರುವುದು ಬೇಗ ಕಾಣುತ್ತದೆ, ತಿರುವಿನ ಆಚೆ ಏನಿದೆ ಅನ್ನುವುದೂ ಸ್ವಲ್ಪ ಕಾಣುತ್ತದೆ. ಡ್ರೈವರ್ ಕಣ್ಣಿನ ನೋಟ 2014ರ ಆವೃತ್ತಿಯಲ್ಲಿ ಬಂತು. ವೇಗದ ಅನುಭವ ಅದರಲ್ಲಿ ಚೆನ್ನಾಗಿ ಸಿಗುತ್ತದೆ, ಬೇಗ ಬ್ರೇಕ್ ಹಾಕಬೇಕು ಅಂತ ಮನಸ್ಸಿಗೆ ಹೊಳೆಯುತ್ತದೆ. ಆದರೆ ಅಕ್ಕಪಕ್ಕ ಕಾಣುವುದಿಲ್ಲ, ಊರೊಳಗೆ ಕಷ್ಟ. ಯಾವ ಕ್ಯಾಮೆರಾ ಇಟ್ಟರೂ ಕಣ್ಣು ಆಗಾಗ ಮೂಲೆಯ ಮಿನಿಮ್ಯಾಪ್ ಕಡೆ ಹೋಗಲಿ. ಮುಂದಿನ ತಿರುವು ಮೆಲ್ಲಗೆ ಬಾಗುತ್ತದಾ, ಕಡಿದಾಗಿದೆಯಾ ಅಂತ ರಸ್ತೆಯಲ್ಲಿ ಕಾಣುವ ಮುಂಚೆ ಅಲ್ಲಿ ಕಾಣುತ್ತದೆ. ಬ್ರೇಕ್ ಯಾವಾಗ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಹಾಯ ಈ ಆಟದಲ್ಲಿ ಇಲ್ಲ.

ಫೋರ್ಜಾದಲ್ಲಿ ಈ ಸಹಾಯ ರಸ್ತೆಯ ಮೇಲೇ ಬರುತ್ತದೆ. ಡ್ರೈವಿಂಗ್ ಲೈನ್ ಅಂತ ಗೆರೆ ಎಳೆದಿರುತ್ತಾರೆ, ವೇಗ ಜಾಸ್ತಿಯಾದರೆ ಕೆಂಪಾಗುತ್ತದೆ. ಅದನ್ನು ಪೂರ್ತಿ ಇಡಬಹುದು, ಬ್ರೇಕ್ ಜಾಗದಲ್ಲಿ ಮಾತ್ರ ಇಡಬಹುದು, ತೆಗೆದೂ ಹಾಕಬಹುದು. ನನ್ನ ಆಯ್ಕೆ ನಡುವಿನದು. ಪೂರ್ತಿ ಗೆರೆ ಇದ್ದರೆ ಕಣ್ಣು ಗೆರೆಯನ್ನೇ ಓದುತ್ತದೆ, ರಸ್ತೆಯನ್ನು ಓದುವುದಿಲ್ಲ. ಅದೇ ಆಟದಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು) ಇಟ್ಟುಕೊಳ್ಳಿ, ಸ್ಟೆಬಿಲಿಟಿ ಕಂಟ್ರೋಲ್ (ಕಾರು ಸುತ್ತದಂತೆ ತಡೆಯುವುದು) ಮೊದಲು ತೆಗೆಯಿರಿ, ಟ್ರ್ಯಾಕ್ಷನ್ ಕಂಟ್ರೋಲ್ (ಆಕ್ಸಿಲರೇಟರ್ ಕೊಟ್ಟಾಗ ಚಕ್ರ ಜಾರದಂತೆ ತಡೆಯುವುದು) ಆಮೇಲೆ. ತಪ್ಪಾದರೆ ರಿವೈಂಡ್ ಮಾಡಿ ಅದೇ ತಿರುವನ್ನು ಮತ್ತೆ ಹಾಕಬಹುದು, ಕಲಿಯಲು ಅದೊಂದು ವರ. ಜಿಟಿಎಯಲ್ಲಿ ಆ ವರ ಇಲ್ಲ. ಸ್ಟೋರಿ ಮೋಡ್‌ನಲ್ಲಿ (ಒಬ್ಬರೇ ಆಡುವ ಕಥೆಯ ಭಾಗ) ಫ್ರಾಂಕ್ಲಿನ್ ಅನ್ನುವ ಪಾತ್ರವಾಗಿ ಆಡುವಾಗ, ಕಾರು ಓಡಿಸುತ್ತಿದ್ದರೆ ಸಮಯ ನಿಧಾನವಾಗುವ ವಿಶೇಷ ಶಕ್ತಿ ಇದೆ, ಎರಡೂ ಸ್ಟಿಕ್ ಒಟ್ಟಿಗೆ ಒತ್ತಿದರೆ ಶುರು. ಕಷ್ಟದ ಮಿಷನ್‌ಗೆ ಅದನ್ನು ಬಳಸಿ. ಕಲಿಯುವಾಗ ಬೇಡ, ಅದರ ಮೇಲೆ ಕೈ ಕೂತುಬಿಟ್ಟರೆ ಆ ಶಕ್ತಿ ಇಲ್ಲದ ಇನ್ನೊಂದು ಪಾತ್ರ ಮೈಕಲ್ ಆಗಿ ಓಡಿಸುವಾಗ ಬ್ರೇಕ್ ತಡವಾಗುತ್ತದೆ.

ಹೊರಗೆ-ಒಳಗೆ-ಹೊರಗೆ, ಅಥವಾ ತಡವಾಗಿ ಒಳಗೆ?

ರೇಸ್ ಟ್ರ್ಯಾಕ್‌ನಲ್ಲಿ ಹೇಳಿಕೊಡುವ ಗೆರೆ ಎಲ್ಲರಿಗೂ ಗೊತ್ತು. ತಿರುವಿನ ಹೊರಗಂಚಿನಿಂದ ಶುರು ಮಾಡಿ, ನಡುವೆ ಒಳಗಂಚನ್ನು ಸವರಿ, ಮತ್ತೆ ಹೊರಗಂಚಿಗೆ ಬರುವುದು. ಹೀಗೆ ಮಾಡಿದರೆ ತಿರುವು ಅಗಲವಾಗುತ್ತದೆ, ಕಡಿಮೆ ತಿರುಗಿಸಿದರೆ ಸಾಕಾಗುತ್ತದೆ, ವೇಗ ಉಳಿಯುತ್ತದೆ. ಆನ್‌ಲೈನ್ ರೇಸ್‌ಗೆ, ಅಂದರೆ ಟ್ರಾಫಿಕ್ ಬಂದ್ ಮಾಡಿರುವ ಕಡೆ, ಇದೇ ಸರಿ.

ಆದರೆ ಸುಮ್ನೆ ಊರಲ್ಲಿ ಓಡಾಡುವಾಗ ಎದುರಿನಿಂದ ಲಾರಿ ಬರುತ್ತದೆ ಅಲ್ವಾ? ವೈನ್‌ವುಡ್ ಹಿಲ್ಸ್‌ನಲ್ಲಿ ಬೆಟ್ಟ ಅಡ್ಡ ಬಂದು ತಿರುವಿನ ಆಚೆ ಏನೂ ಕಾಣುವುದಿಲ್ಲ. ಅಲ್ಲಿ ಬೇಗ ಒಳಗಂಚಿಗೆ ಬಿದ್ದರೆ, ಕಾರು ಹೊರಗೆ ಬರುವಾಗ ತಾನಾಗಿ ಅಗಲಕ್ಕೆ ಹೋಗುತ್ತದೆ. ಆ ಹೊತ್ತಿಗೆ ಆಚೆಯಿಂದ ಯಾರೋ ಬಂದರೆ ತಪ್ಪಿಸಲು ಜಾಗ ಇರುವುದಿಲ್ಲ. ಅದಕ್ಕೆ ತಡವಾಗಿ ಒಳಗೆ ಬೀಳುವ ಗೆರೆ ಆರಿಸಿ. ಹೊರಗಂಚಿನಲ್ಲೇ ಸ್ವಲ್ಪ ಹೊತ್ತು ಜಾಸ್ತಿ ಇರಿ, ವೇಗವನ್ನು ಇನ್ನೂ ಸ್ವಲ್ಪ ಇಳಿಸಿ, ತಿರುವಿನ ಆಚೆ ಕಣ್ಣಿಗೆ ಬಿದ್ದ ಮೇಲೆ ಒಳಕ್ಕೆ ತಿರುಗಿಸಿ. ಅಷ್ಟರಲ್ಲಿ ಕಾರಿನ ಮೂತಿ ಆಗಲೇ ಮುಂದಿನ ರಸ್ತೆಯ ಕಡೆ ಇರುತ್ತದೆ, ಆಕ್ಸಿಲರೇಟರ್ ಬೇಗ ಪೂರ್ತಿ ಕೊಡಬಹುದು. ಒಳಗೆ ಹೋಗುವಾಗ ಕಳೆದುಕೊಂಡದ್ದು ಹೊರಗೆ ಬರುವಾಗ ವಾಪಸ್ ಸಿಗುತ್ತದೆ, ಮುಂದೆ ಉದ್ದನೆಯ ನೇರ ರಸ್ತೆ ಇದ್ದರಂತೂ ಬಡ್ಡಿ ಸಮೇತ.

ಡ್ರಿಫ್ಟ್ ಮಾಡಿಕೊಂಡೇ, ಅಂದರೆ ಬೇಕಂತಲೇ ಜಾರಿಸಿಕೊಂಡೇ ತಿರುಗುತ್ತೇನೆ ಅನ್ನುವವರಿಗೆ ಬೇಡ ಅನ್ನುವುದಿಲ್ಲ, ನೋಡಲು ಅಷ್ಟು ಚಂದದ್ದು ಬೇರೆ ಇಲ್ಲ. 2021ರ ಲಾಸ್ ಸ್ಯಾಂಟೋಸ್ ಟ್ಯೂನರ್ಸ್ ಅಪ್‌ಡೇಟ್‌ನಲ್ಲಿ ಅದಕ್ಕೇ ಅಂತ ಕಡಿಮೆ ಹಿಡಿತದ ಟೈರುಗಳೂ ಬಂದವು. ಜಾರುವ ಟೈರಿಗೆ ಹಿಡಿತ ಕಮ್ಮಿ ಅನ್ನುವ ಲೆಕ್ಕ ಮಾತ್ರ ಇಲ್ಲೂ ಬದಲಾಗುವುದಿಲ್ಲ. ಮುಂದೆ ಹೋಗಬೇಕಾದ ಶಕ್ತಿ ಪಕ್ಕಕ್ಕೆ ಖರ್ಚಾಗುತ್ತದೆ, ಗಡಿಯಾರ ನೋಡಿದರೆ ನಿಧಾನವೇ. ರೇಸ್ ಗೆಲ್ಲಬೇಕಿದ್ದರೆ ಜಾರಿಸದೆ ತಿರುಗಿಸಿ.

ದುಡ್ಡು ಮೊದಲು ಯಾವುದಕ್ಕೆ?

ಆಟದೊಳಗಿನ ಕಾರು ಗ್ಯಾರೇಜು ಲಾಸ್ ಸ್ಯಾಂಟೋಸ್ ಕಸ್ಟಮ್ಸ್‌ಗೆ ಹೋದ ಕೂಡಲೇ ಎಲ್ಲರ ಕೈ ಎಂಜಿನ್ ಮತ್ತು ಟರ್ಬೊ ಕಡೆ ಹೋಗುತ್ತದೆ. ಬ್ರೇಕ್‌ನಿಂದ ಶುರು ಮಾಡಿ. ಸ್ಟ್ರೀಟ್, ಸ್ಪೋರ್ಟ್, ರೇಸ್ ಅಂತ ದರ್ಜೆ ಇವೆ, ರೇಸ್ ಬ್ರೇಕೇ ಹಾಕಿಸಿ. ಬ್ರೇಕ್ ಗಟ್ಟಿಯಾದರೆ ತಿರುವಿನ ಹತ್ತಿರದವರೆಗೆ ವೇಗ ಇಟ್ಟುಕೊಳ್ಳಬಹುದು, ಅಂದಾಜು ಸ್ವಲ್ಪ ತಪ್ಪಿದರೂ ಸುಧಾರಿಸಿಕೊಳ್ಳಬಹುದು. ಆಮೇಲೆ ಟ್ರಾನ್ಸ್‌ಮಿಷನ್. ಎಂಜಿನ್, ಟರ್ಬೊ ಕೊನೆಗೆ, ಅದೂ ಈಗಿರುವ ವೇಗ ಕೈಗೆ ಬಂದ ಮೇಲೆ.

ಅಭ್ಯಾಸಕ್ಕೆ ಎಲ್ಲಿ ಹೋಗುವುದು ಅಂತ ಕೇಳಿದರೆ, ಸ್ಟೋರಿ ಮೋಡ್‌ನಲ್ಲಿ ಊರಿನ ದೊಡ್ಡ ವಿಮಾನ ನಿಲ್ದಾಣ ಬೇಡ. ಅಲ್ಲಿ ಹ್ಯಾಂಗರ್ (ವಿಮಾನ ಇಡುವ ಶೆಡ್) ಇಲ್ಲದವರು ಒಳಗೆ ಹೋದರೆ ಪೊಲೀಸರು ಹಿಂದೆ ಬೀಳುತ್ತಾರೆ. ಸ್ಯಾಂಡಿ ಶೋರ್ಸ್‌ನ ಚಿಕ್ಕ ರನ್‌ವೇ ಖಾಲಿ ಇರುತ್ತದೆ, ಬ್ರೇಕ್ ಎಷ್ಟು ದೂರಕ್ಕೆ ಹಿಡಿಯುತ್ತದೆ ಅಂತ ಅಳತೆ ಸಿಗಲು ಅದು ಸಾಕು. ಆ ಅಳತೆ ಸಿಕ್ಕ ಮೇಲೆ ರಾತ್ರಿ ಹೊತ್ತು, ಟ್ರಾಫಿಕ್ ಕಮ್ಮಿ ಇರುವಾಗ, ಗೆಲಿಲಿಯೋ ಅಬ್ಸರ್ವೇಟರಿಗೆ ಹತ್ತುವ ರಸ್ತೆಗೆ ಎಲೆಜಿ ತಗೊಂಡು ಹೋಗಿ. ಒಂದೇ ಒಂದು ತಿರುವು ಆರಿಸಿಕೊಳ್ಳಿ. ಹ್ಯಾಂಡ್‌ಬ್ರೇಕ್ ಮುಟ್ಟದೆ, ಎಲ್ಲಿಗೂ ತಗಲಿಸದೆ ಅದನ್ನು ಸಾಲಾಗಿ ಹತ್ತು ಸಲ ಹಾಕಿ. ಹತ್ತೂ ಸಲ ಸರಿಬಂದ ಮೇಲೆ ಬಾನ್ಶೀ ತಂದು ಅದೇ ತಿರುವಿಗೆ ಇನ್ನೊಂದು ಸಲ ಹೋಗಿ.